ಬಣ್ಣದ ಡಬ್ಬ ಆಮೇಲೆ: ಪಕ್ಕದ ಬೀದಿಯ ಸರ್ಕಾರಿ ಶಾಲೆ ಉಳಿಸಿಕೊಳ್ಳಲು ಏನೇನು ಮಾಡಬೇಕು

ನಮ್ಮ ಬಡಾವಣೆಯ ಸರ್ಕಾರಿ ಪ್ರಾಥಮಿಕ ಶಾಲೆಗೆ ನಾವು ಮೊದಲ ಸಲ ಹೋದದ್ದು ಬಣ್ಣದ ಡಬ್ಬ ಹಿಡಿದುಕೊಂಡು. ಏಳೆಂಟು ಜನ ಸೇರಿ ಎರಡು ಭಾನುವಾರ ಬೆವರು ಸುರಿಸಿ ಹೊರಗೋಡೆಗೆ ರೈಲು ಬೋಗಿ ಬರೆದೆವು. ಕಿಟಕಿ ಕಿಟಕಿಯಲ್ಲೂ ನಗುವ ಮಕ್ಕಳ ಮುಖ. ಫೋಟೊಗೆ ವಾಟ್ಸಾಪ್‌ನಲ್ಲಿ ಭರ್ಜರಿ ಚಪ್ಪಾಳೆ ಬಂತು. ಮುಂದಿನ ಜೂನ್‌ನಲ್ಲಿ ಹೋಗಿ ನೋಡಿದರೆ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಬಿಸಿಯೂಟ ಬಡಿಸುವ ಅಮ್ಮ ಹೇಳಿದರು: “ನಾಲ್ಕು, ಐದಕ್ಕೆ ಟೀಚರ್ ಇಲ್ಲ. ಹುಡುಗೀರ ಟಾಯ್ಲೆಟ್‌ಗೆ ನೀರಿಲ್ಲ. ರೈಲು ನೋಡ್ಕೊಂಡು ಯಾರು ಮಕ್ಕಳನ್ನ ಸೇರಿಸ್ತಾರೆ?”

ಆ ಮಾತಿನ ನಂತರ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅನುಭವ ಬೆಂಗಳೂರಿನದು. ಮೈಸೂರು, ಹುಬ್ಬಳ್ಳಿ, ಕಲಬುರಗಿ, ದಾವಣಗೆರೆಯವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ನಿಮ್ಮ ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ ನಿಮಗೆ ಕಾನೂನಿನ ಬಲವೇ ಇದೆ. ಓದುತ್ತಿಲ್ಲ, ಸುಮ್ನೆ ಅಕ್ಕಪಕ್ಕದವರು ಅಂದರೂ ಮಾಡಬಹುದಾದ ಕೆಲಸ ಜಾಸ್ತಿ ಇದೆ. ಆದರೆ ನಿಮ್ಮ ಜಾಗ ಯಾವುದು ಅಂತ ಮೊದಲು ಗೊತ್ತಿರಬೇಕು.

ಊರಿನ ಶಾಲೆಗೂ ನಗರದ ಶಾಲೆಗೂ ಇರುವ ವ್ಯತ್ಯಾಸ

ಹಳ್ಳಿಯಲ್ಲಿ ಶಾಲೆಯ ಹೆಂಚು ಒಡೆದರೆ ಗ್ರಾಮ ಪಂಚಾಯಿತಿ ಸದಸ್ಯನನ್ನು ಅಂಗಡಿ ಮುಂದೆ ಹಿಡಿದು ಕೇಳಬಹುದು. ಅವನ ಮಗುವೋ ತಂಗಿಯ ಮಗುವೋ ಅಲ್ಲೇ ಓದುತ್ತಿರುತ್ತದೆ. ನಗರದಲ್ಲಿ ಯಾರನ್ನು ಹಿಡಿಯುವುದು?

ಈ ವ್ಯತ್ಯಾಸ ಸಂವಿಧಾನದಲ್ಲೇ ಇದೆ. ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳು 11ನೇ ಅನುಸೂಚಿಯಲ್ಲಿವೆ. ಅಲ್ಲಿ ‘ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳೂ ಸೇರಿದಂತೆ ಶಿಕ್ಷಣ’ ಅಂತ ನೇರವಾಗಿ ಬರೆದಿದೆ. ನಗರಸಭೆ, ಪಾಲಿಕೆಗಳ ಪಟ್ಟಿ 12ನೇ ಅನುಸೂಚಿ. ಅಲ್ಲಿ ಸಾಂಸ್ಕೃತಿಕ, ಶೈಕ್ಷಣಿಕ ವಿಷಯಗಳ ‘ಉತ್ತೇಜನ’ ಅಂತ ಒಂದು ಸಾಲು ಇದೆ, ಶಾಲೆ ಅನ್ನುವ ಪದವೇ ಇಲ್ಲ. ಇದರ ಮೇಲೆ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಊರು ನಡೆಸಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹೀಗಾಗಿ ನಗರದ ಶಾಲೆಗೆ ‘ನಮ್ಮದು’ ಅನ್ನುವ ಜನ ತಾನಾಗಿ ಹುಟ್ಟುವುದಿಲ್ಲ. ಕೂತು ಕಟ್ಟಬೇಕಾಗುತ್ತದೆ.

ಹೆಜ್ಜೆ 1: ಶಾಲೆ ಯಾರದ್ದು ಅಂತ ತಿಳಿದುಕೊಳ್ಳಿ

ಬೋರ್ಡ್ ನೋಡಿ. ‘ಸರ್ಕಾರಿ’ ಅಂತಿದ್ದರೆ ಶಾಲಾ ಶಿಕ್ಷಣ ಇಲಾಖೆಯದು. ಅಲ್ಲಿ ದಾರಿ ಹೀಗಿದೆ: ಮುಖ್ಯ ಶಿಕ್ಷಕರು, ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ ಅಂದರೆ ಸಿಆರ್‌ಪಿ, ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ, ಅವರ ಮೇಲೆ ಉಪನಿರ್ದೇಶಕರು. ಬೆಂಗಳೂರು ನಗರ ಜಿಲ್ಲೆಯನ್ನು ಇಲಾಖೆ ಉತ್ತರ, ದಕ್ಷಿಣ ಅಂತ ಎರಡು ಶೈಕ್ಷಣಿಕ ಜಿಲ್ಲೆಯಾಗಿ ನೋಡುತ್ತದೆ. ನಿಮ್ಮದು ಯಾವುದರಲ್ಲಿ ಬರುತ್ತದೆ ಅಂತ ಕೇಳಿಕೊಳ್ಳಿ. ಬೋರ್ಡ್‌ನಲ್ಲಿ ಪಾಲಿಕೆಯ ಹೆಸರಿದ್ದರೆ ಅದು ಬೇರೆಯೇ ಮನೆ. ಇಲಾಖೆಗೆ ಕೊಟ್ಟ ಅರ್ಜಿ ಅಲ್ಲಿಗೆ ತಲುಪುವುದಿಲ್ಲ. ನಾವು ಒಂದು ಸಲ ತಪ್ಪು ಕಚೇರಿಗೆ ಮೂರು ತಿಂಗಳು ಅಲೆದಿದ್ದೇವೆ.

ಶಾಲೆಯ ಯುಡೈಸ್ ಸಂಖ್ಯೆ, ಅಂದರೆ ಸರ್ಕಾರ ಪ್ರತಿ ಶಾಲೆಗೂ ಕೊಟ್ಟಿರುವ ಗುರುತಿನ ಸಂಖ್ಯೆ, ಬರೆದುಕೊಳ್ಳಿ. 11 ಅಂಕಿ, ಕರ್ನಾಟಕದ್ದಾದರೆ 29ರಿಂದ ಶುರು. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಶಾಲೆಯ ಬಗ್ಗೆ ಸರ್ಕಾರದ ಲೆಕ್ಕದಲ್ಲಿ ಏನಿದೆ ಅಂತ ಕಾಣುತ್ತದೆ: ಮಕ್ಕಳು, ಶಿಕ್ಷಕರು, ಕೊಠಡಿ, ಶೌಚಾಲಯ. ಕಾಗದದಲ್ಲಿ ‘ಬಳಕೆಯಲ್ಲಿದೆ’ ಅಂತ ಬರೆದಿರುವ ಶೌಚಾಲಯಕ್ಕೆ ನಿಜದಲ್ಲಿ ಬೀಗ ಬಿದ್ದಿದ್ದರೆ, ನಿಮ್ಮ ಮೊದಲ ಕೆಲಸ ಅಲ್ಲೇ ಸಿಕ್ಕಿತು.

ಜಾಗ ಯಾರ ಹೆಸರಲ್ಲಿದೆ ಅಂತಲೂ ಕೇಳಿ. ದೇವಸ್ಥಾನದ ಜಾಗ, ಬಾಡಿಗೆ ಕಟ್ಟಡ, ಯಾರೋ ಹಿರಿಯರು ಬಾಯಿಮಾತಲ್ಲಿ ಕೊಟ್ಟ ನಿವೇಶನ, ಹೀಗೆ ಏನು ಬೇಕಾದರೂ ಇರಬಹುದು. ಖಾತೆ ಶಾಲೆಯ ಹೆಸರಿಗೆ ಇಲ್ಲದ ಕಡೆ ಲಕ್ಷಗಟ್ಟಲೆ ಹಾಕಿ ಕೊಠಡಿ ಕಟ್ಟಿಸಬೇಡಿ.

ಹೆಜ್ಜೆ 2: ಬರಿಗೈಯಲ್ಲಿ ಹೋಗಿ ಕೂತುಕೊಳ್ಳಿ

ಮೊದಲ ಭೇಟಿಗೆ ನೋಟ್‌ಬುಕ್ಕು, ಬ್ಯಾಗು, ಕೇಕು ಏನೂ ಬೇಡ. ಫೋನ್ ಹೊರಗೆ ತೆಗೆಯಲೂ ಬೇಡಿ. ಮುಖ್ಯ ಶಿಕ್ಷಕರಿಗೆ ಅಪರಿಚಿತರು ಬಂದರೆ ಎರಡು ಭಯ: ವಿಡಿಯೊ ಮಾಡಿ ಹಾಕುತ್ತಾರೆ ಅಥವಾ ದೂರು ಕೊಡುತ್ತಾರೆ. ಎರಡೂ ಅವರಿಗೆ ಮುಂಚೆಯೇ ಆಗಿರುತ್ತದೆ.

ಅವರ ಮೇಜಿನ ಮೇಲೆ ಏನೇನಿದೆ ನೋಡಿ. ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಶೂ ಅಳತೆ, ಎಸ್‌ಎಟಿಎಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಗೆ ಪ್ರತಿ ಮಗುವಿನ ಮಾಹಿತಿ ತುಂಬುವುದು, ಸಮೀಕ್ಷೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ದಸರಾದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳಿಸಿ, ಅದು ಮುಗಿಯದೆ ಶಾಲೆಯ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದದ್ದು ನಿಮಗೂ ನೆನಪಿರಬಹುದು. ಹಾಗಾಗಿ “ನೀವು ಪಾಠ ಮಾಡಲ್ಲ” ಅಂತ ಮಾತು ಶುರು ಮಾಡಿದರೆ ಕೆಲಸ ಕೆಟ್ಟಿತು. “ಯಾವ ಕೆಲಸ ನಿಮ್ಮ ಟೈಮ್ ತಿನ್ನುತ್ತಿದೆ?” ಅಂತ ಕೇಳಿ. ನಮ್ಮಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ನೌಕರರು ವಾರಕ್ಕೆ ಎರಡು ಮಧ್ಯಾಹ್ನ ಕೂತು ಲೆಕ್ಕದ ಪುಸ್ತಕಗಳಿಗೆ ಸಹಾಯ ಮಾಡಿದರು. ರೈಲು ಬೋಗಿಯಿಂದ ಆಗದ ಸ್ನೇಹ ಅದರಿಂದ ಆಯಿತು.

ಹೆಜ್ಜೆ 3: ಎಸ್‌ಡಿಎಂಸಿ ಜೀವಂತ ಇದೆಯಾ ನೋಡಿ

ಇದು ಇಡೀ ಲೇಖನದ ಮುಖ್ಯ ಭಾಗ. ಉಳಿದದ್ದು ಮರೆತರೂ ಪರವಾಗಿಲ್ಲ.

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದು ಕರ್ನಾಟಕದಲ್ಲಿ ಬಂದದ್ದು 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆ ಅದರ ಹಿಂದಿತ್ತು. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಅದರ 21ನೇ ಸೆಕ್ಷನ್ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಭಾಗ ಅಲ್ಲಿ ಓದುವ ಮಕ್ಕಳ ಅಪ್ಪ-ಅಮ್ಮ ಅಥವಾ ಪೋಷಕರು ಇರಬೇಕು. ಅರ್ಧದಷ್ಟು ಹೆಂಗಸರು ಇರಬೇಕು. ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕಂತೆ ಜಾಗ ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ಅನುದಾನ ಎಲ್ಲಿ ಹೋಯಿತು ಅಂತ ಕೇಳುವುದು ಈ ಸಮಿತಿಯ ಕೆಲಸ. ಅಧ್ಯಕ್ಷರು ಪೋಷಕರು, ಕಾರ್ಯದರ್ಶಿ ಮುಖ್ಯ ಶಿಕ್ಷಕರು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಬೇಕು.

ಗಾರೆ ಕೆಲಸ ಮಾಡುವ ಒಬ್ಬ ತಾಯಿ ಸಹಿ ಹಾಕದಿದ್ದರೆ ಸರ್ಕಾರದ ದುಡ್ಡು ಹೊರಗೆ ಬರುವುದಿಲ್ಲ ಅಂದರೆ ಸಣ್ಣ ಮಾತಾ? ನಗರದ ಬೇರೆ ಯಾವ ಸರ್ಕಾರಿ ಕಟ್ಟಡದಲ್ಲಿ ಬಡವರಿಗೆ ಈ ಅಧಿಕಾರ ಇದೆ ಹೇಳಿ.

ಆದರೆ ಎಷ್ಟೋ ಕಡೆ ಸಮಿತಿ ಕಾಗದದ ಮೇಲಷ್ಟೇ ಇರುತ್ತದೆ. ಕಂಡುಹಿಡಿಯುವುದು ಸುಲಭ. ನಡಾವಳಿ ಪುಸ್ತಕ ತೆಗೆಸಿ ನೋಡಿ. ಆರು ತಿಂಗಳ ಸಭೆಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಅರ್ಥ ಮಾಡಿಕೊಳ್ಳಿ. ಅಧ್ಯಕ್ಷರ ಮಗು ಈಗಲೂ ಅಲ್ಲೇ ಓದುತ್ತಿದೆಯಾ ಅಂತ ಕೇಳಿ. ಸದಸ್ಯರ ಹೆಸರು ಗೋಡೆ ಮೇಲೆ ಇದೆಯಾ ನೋಡಿ. ಪಟ್ಟಿಯಲ್ಲಿರುವ ಒಬ್ಬ ತಾಯಿಯನ್ನು ಗೇಟಿನಲ್ಲಿ ಮಾತಾಡಿಸಿ. “ನಾನಾ? ಸಮಿತೀಲಾ?” ಅಂತ ಅವರೇ ಬೆಚ್ಚಿದರೆ ಮುಂದಿನ ಹೆಜ್ಜೆ ಹೊಸ ಸಮಿತಿ.

ಹೊಸ ಸಮಿತಿಗೆ ಪೋಷಕರ ಸಭೆ ಕರೆಯಬೇಕು. ಬಹುತೇಕ ಪ್ರಯತ್ನಗಳು ಸಾಯುವುದು ಇಲ್ಲೇ, ಸಭೆಯ ಹೊತ್ತಿನ ವಿಷಯದಲ್ಲಿ. ಬುಧವಾರ ಬೆಳಿಗ್ಗೆ 11ಕ್ಕೆ ಸಭೆ ಇಟ್ಟು “ಪೋಷಕರಿಗೆ ಆಸಕ್ತಿಯೇ ಇಲ್ಲ” ಅನ್ನುವುದು ಮೋಸ. ನಮ್ಮ ಶಾಲೆಯ ಮಕ್ಕಳ ಮನೆಯವರು ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರು, ಗಾರ್ಮೆಂಟ್ಸ್‌ಗೆ ಹೋಗುವವರು, ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ ಮಾಡುವವರು. ಅರ್ಧ ದಿನ ಬಿಟ್ಟರೆ ಅರ್ಧ ದಿನದ ಕೂಲಿ ಹೋಯಿತು. ಭಾನುವಾರ ಸಂಜೆ ಆರಕ್ಕೆ ಇಟ್ಟೆವು, ಜನ ಬಂದರು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಕಾಲೇಜು ಹುಡುಗಿಯರನ್ನು ಬೇರೆ ಕೊಠಡಿಯಲ್ಲಿ ಕೂರಿಸಿದೆವು. ಮಾತು ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲ ಬೆರೆತು ನಡೆಯಿತು. ಕುರ್ಚಿ ತೆಗೆದು ಎಲ್ಲರೂ ಚಾಪೆ ಮೇಲೆ ಕೂತದ್ದೂ ಒಳ್ಳೆಯದಾಯಿತು. ಕುರ್ಚಿ ಇದ್ದರೆ ನಮ್ಮಂಥವರು ಕೂರುತ್ತೇವೆ, ಅವರು ನಿಲ್ಲುತ್ತಾರೆ.

ಇನ್ನು ‘ಅಕ್ಕಪಕ್ಕದವರು’ ಅಂತ ಹೋಗುವ ನಮ್ಮ ನಿಮ್ಮಂಥವರ ವಿಷಯ. ನಮಗೆ ಇಂಗ್ಲಿಷ್ ಬರುತ್ತದೆ, ಅಧಿಕಾರಿಗಳ ಮುಂದೆ ಮಾತು ಬರುತ್ತದೆ. ಮೂರನೇ ಸಭೆಯ ಹೊತ್ತಿಗೆ ನಾವೇ ಯಜಮಾನರಾಗಿಬಿಡುತ್ತೇವೆ. ಬೇಡ. ಸಮಿತಿಯ ಉಳಿದ ಕಾಲು ಭಾಗದಲ್ಲಿ ಸ್ಥಳೀಯ ಸಂಸ್ಥೆಯವರು, ಶಿಕ್ಷಕರು, ಶಿಕ್ಷಣ ಬಲ್ಲವರಿಗೆ ಜಾಗ ಇರುತ್ತದೆ. ಕರೆದರೆ ಅಲ್ಲಿರಿ. ಇಲ್ಲವಾದರೆ ಅರ್ಜಿ ಬರೆದುಕೊಡುವುದು, ಆಟೊದಲ್ಲಿ ಬಿಇಒ ಕಚೇರಿಗೆ ಜೊತೆಗೆ ಹೋಗುವುದು ಸಾಕು. ಅಲ್ಲಿ ಮಾತಾಡುವುದು ಮಾತ್ರ ಅಧ್ಯಕ್ಷೆಯೇ ಆಗಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಮಾತು ಬೇಗ ಅರ್ಥವಾದೀತು. ನ್ಯೂಜೆರ್ಸಿಯಲ್ಲಿ ಮನೆ ತೆರಿಗೆಯ ಬಿಲ್ಲಿನಲ್ಲಿ ಶಾಲೆಯ ಪಾಲು ಬೇರೆಯಾಗಿ ಕಾಣುತ್ತದೆ. ಶಾಲಾ ಮಂಡಳಿಗೆ ಜನ ವೋಟು ಹಾಕುತ್ತಾರೆ. ಆದರೆ ಅದೇ ರಾಜ್ಯದ ನ್ಯೂವಾರ್ಕ್ ನಗರದ ಶಾಲೆಗಳು ಸೋಲುತ್ತಿವೆ ಅಂತ 1995ರಲ್ಲಿ ರಾಜ್ಯ ಸರ್ಕಾರ ಅವನ್ನು ತನ್ನ ಕೈಗೆ ತೆಗೆದುಕೊಂಡಿತು. 2010ರಲ್ಲಿ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಆ ಶಾಲೆಗಳಿಗೆ 10 ಕೋಟಿ ಡಾಲರ್ ಘೋಷಿಸಿದರು, ಅದೂ ಟಿವಿ ಕಾರ್ಯಕ್ರಮದಲ್ಲಿ. ದುಡ್ಡು ಬಂತು, ಸಲಹೆಗಾರರು ಬಂದರು, ಶಾಲೆಗಳನ್ನು ಅದಲುಬದಲು ಮಾಡಿದರು. ತಮ್ಮನ್ನು ಯಾರೂ ಕೇಳಲಿಲ್ಲ ಅಂತ ಪೋಷಕರು ರೊಚ್ಚಿಗೆದ್ದರು. ಸ್ಥಳೀಯ ಮಂಡಳಿಗೆ ಅಧಿಕಾರ ವಾಪಸ್ ಬಂದದ್ದು 2018ರಲ್ಲಿ. ಅಷ್ಟು ದೊಡ್ಡ ಮೊತ್ತಕ್ಕೇ ಹಾಗಾದರೆ ನಮ್ಮ ಬಡಾವಣೆಯ ಎರಡು ಲಕ್ಷದ ಕಥೆ ಏನು?

ಹೆಜ್ಜೆ 4: ಅಳತೆ ಪಟ್ಟಿ ಹಿಡಿದು ಯೋಜನೆ ಬರೆಯಿರಿ

ಶಾಲಾ ಅಭಿವೃದ್ಧಿ ಯೋಜನೆ ಅಂದರೆ ಬೇಡಿಕೆಗಳ ಪಟ್ಟಿ ಅಂತ ಅಂದುಕೊಳ್ಳಬೇಡಿ. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಇದನ್ನು ಬರೆಯುವುದು ಸಮಿತಿ, ಸರ್ಕಾರ ಅನುದಾನ ಕೊಡಲು ಇದೇ ಆಧಾರ. ಮೂರು ವರ್ಷಕ್ಕೆ ಬರೆದು, ಒಂದೊಂದು ವರ್ಷಕ್ಕೆ ಬೇರೆ ಮಾಡಿ. ಪ್ರತಿ ವರ್ಷ ಯಾವ ತರಗತಿಗೆ ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಕಟ್ಟಡಕ್ಕೆ ಏನು ಬೇಕು, ಎಷ್ಟು ಖರ್ಚು. ಹಣಕಾಸು ವರ್ಷ ಮುಗಿಯುವ ಮೂರು ತಿಂಗಳು ಮುಂಚೆ, ಅಂದರೆ ಡಿಸೆಂಬರ್‌ ಒಳಗೆ ಮುಗಿಸಿ.

ಹೋಲಿಸಿ ನೋಡಲು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಅದನ್ನು ಜೆರಾಕ್ಸ್ ಮಾಡಿ ಶಾಲೆಯಲ್ಲಿ ಅಂಟಿಸಿ. ಒಂದರಿಂದ ಐದನೇ ತರಗತಿಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಇವರ ಜೊತೆ ಒಬ್ಬ ಮುಖ್ಯ ಶಿಕ್ಷಕರು. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಕನಿಷ್ಠ ಒಬ್ಬರು. ವಿಜ್ಞಾನ-ಗಣಿತ, ಸಮಾಜ, ಭಾಷೆ ಮೂರಕ್ಕೂ ಶಿಕ್ಷಕರು ಇರಬೇಕು. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಕಾಂಪೌಂಡು, ಗ್ರಂಥಾಲಯ, ಅಂಗವಿಕಲ ಮಕ್ಕಳು ಒಳಗೆ ಬರಲು ದಾರಿ. ಇವು ಯಾವುವೂ ಯಾರೋ ಪುಣ್ಯಾತ್ಮರು ಕೊಡಬೇಕಾದ ದಾನ ಅಲ್ಲ.

ಶೌಚಾಲಯದ ಬಗ್ಗೆ ಒಂದು ಮಾತು ಜಾಸ್ತಿ ಬರೆಯುತ್ತೇನೆ. ಕಟ್ಟಲು ದುಡ್ಡು ಸಿಗುತ್ತದೆ, ಉದ್ಘಾಟನೆಗೆ ರಿಬ್ಬನ್ನೂ ಸಿಗುತ್ತದೆ. ತೊಳೆಯಲು ಸಿಗುವುದಿಲ್ಲ. ಲೆಕ್ಕ ಹಾಕಿ: 140 ಮಕ್ಕಳ ಶಾಲೆಗೆ ‘ಸಮಗ್ರ ಶಿಕ್ಷಣ’ ಅನ್ನುವ ಕೇಂದ್ರದ ಯೋಜನೆಯ ನಿಯಮದಂತೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ, ಅಂದರೆ 5,000. ತಿಂಗಳಿಗೆ ಸುಮಾರು 416 ರೂಪಾಯಿ. ಫಿನಾಯಿಲ್, ಬ್ರಷ್ಷಿಗೇ ಮುಗಿಯಿತು. ಹೀಗಾದಾಗಲೇ ಮಕ್ಕಳ ಕೈಗೆ ಪೊರಕೆ ಬರುವುದು, ಆಮೇಲೆ ಸುದ್ದಿಯಾಗುವುದು, ಮುಖ್ಯ ಶಿಕ್ಷಕರು ಅಮಾನತಾಗುವುದು. ದಾನಿಗಳು ಯಾರಾದರೂ “ಏನು ಬೇಕು?” ಅಂದರೆ ನಾವು ಈಗ ಮೊದಲು ಹೇಳುವುದು ಇದನ್ನೇ: ಒಬ್ಬ ಸ್ವಚ್ಛತಾ ಕೆಲಸಗಾರರ ಮೂರು ವರ್ಷದ ಸಂಬಳ. ಅರ್ಧ ಜನ ಅಲ್ಲಿಗೇ ಮಾತು ಬದಲಿಸುತ್ತಾರೆ. ಅದರಲ್ಲಿ ಫೋಟೊ ಬರಲ್ಲ ನೋಡಿ.

ಹೆಜ್ಜೆ 5: ದುಡ್ಡು, ಸರಿಯಾದ ಕ್ರಮದಲ್ಲಿ

ಮೊದಲು ಸರ್ಕಾರ ಕೊಡಬೇಕಾದದ್ದು. ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರ ತನಕ 10,000, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000, ಅದರ ಮೇಲೆ ಒಂದು ಲಕ್ಷ. ಈ ಮೊತ್ತಗಳು ಕೇಂದ್ರದ ಮಾರ್ಗಸೂಚಿಯವು, ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ನಿಮ್ಮ ಶಾಲೆಗೆ ಈ ವರ್ಷ ಎಷ್ಟು ಬಂತು, ಯಾವ ತಿಂಗಳು ಬಂತು ಅಂತ ಸಭೆಯಲ್ಲಿ ಓದಿಸಿ.

ಇಲ್ಲೊಂದು ಹುಷಾರು. 2021ರಿಂದ ಈ ದುಡ್ಡು ಮೊದಲಿನಂತೆ ಶಾಲೆಯ ಖಾತೆಯಲ್ಲಿ ಕೂತಿರುವುದಿಲ್ಲ. ಶೂನ್ಯ ಬಾಕಿ ಖಾತೆ. ಖರ್ಚು ಮಾಡಲು ಮಿತಿ ಕೊಡುತ್ತಾರೆ, ಬಳಸದೆ ಮಾರ್ಚ್ 31 ದಾಟಿದರೆ ಮಿತಿ ಹೋಗುತ್ತದೆ. ಫೆಬ್ರುವರಿಯಲ್ಲಿ ಅವಸರವಾಗಿ ಬೇಡದ ಸಾಮಾನು ಬಂದು ಬೀಳುವುದು ಇದರಿಂದಲೇ. ಬೇಕಾದ್ದರ ಪಟ್ಟಿ, ದರಪಟ್ಟಿ ಮೊದಲೇ ಸಿದ್ಧ ಇರಲಿ. ಇನ್ನೊಂದು: ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ನೀರು ಅಂತ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಘೋಷಿಸಿದ್ದರು. ನಿಮ್ಮ ಶಾಲೆಗೆ ಇನ್ನೂ ಬಿಲ್ಲು ಬಂದು ಅನುದಾನ ಅದಕ್ಕೇ ಹೋಗುತ್ತಿದ್ದರೆ ಬಿಇಒಗೆ ಲಿಖಿತವಾಗಿ ಕೇಳಿ.

ಎರಡನೆಯದು ಜನಪ್ರತಿನಿಧಿಗಳ ನಿಧಿ. ಶಾಸಕರಿಗೆ, ವಿಧಾನ ಪರಿಷತ್ ಸದಸ್ಯರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಕೊಠಡಿ, ಕಾಂಪೌಂಡು, ನೀರಿನ ತೊಟ್ಟಿಗೆ ಇಲ್ಲಿ ಕೇಳಬಹುದು. ಪರಿಷತ್ ಸದಸ್ಯರನ್ನು ಜನ ಮರೆತೇಬಿಡುತ್ತಾರೆ. ಪದವೀಧರ ಕ್ಷೇತ್ರ, ಶಿಕ್ಷಕರ ಕ್ಷೇತ್ರದಿಂದ ಗೆದ್ದವರಿಗೆ ಶಾಲೆಯ ಅರ್ಜಿ ಕೊಟ್ಟರೆ ಅವರೂ ಖುಷಿಪಡುತ್ತಾರೆ.

ಮೂರನೆಯದು ಕಂಪನಿ, ದಾನಿಗಳು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ಸಾಮಾನ್ಯವಾಗಿ ಅವರು ನೋಂದಾಯಿತ ಟ್ರಸ್ಟ್ ಮೂಲಕ ಬರುತ್ತಾರೆ, ನೇರ ನಗದು ಕೊಡುವುದಿಲ್ಲ. ಬಂದರೆ ನಾಲ್ಕು ಮಾತು ಬಿಡಬೇಡಿ. ಕೊಡುವುದು ಸಮಿತಿಯ ಯೋಜನೆಯಲ್ಲಿ ಇರುವ ವಸ್ತುವೇ ಆಗಿರಬೇಕು. ಕಟ್ಟಡ ಅಂದರೆ ಇಲಾಖೆಯ ಅನುಮತಿ ಮೊದಲು ಕೈಯಲ್ಲಿರಬೇಕು. ಬಂದ ಸಾಮಾನು ಅದೇ ದಿನ ದಾಸ್ತಾನು ಪುಸ್ತಕಕ್ಕೆ ಏರಬೇಕು. ರಿಪೇರಿ ಯಾರದ್ದು ಅಂತ ಕಾಗದದಲ್ಲಿ ಇರಬೇಕು. ನಮಗೆ ಒಮ್ಮೆ ಹತ್ತು ಕಂಪ್ಯೂಟರ್ ಬಂದವು. ಆ ಕೊಠಡಿಯಲ್ಲಿ ಇದ್ದದ್ದು ಒಂದೇ ಒಂದು ಪ್ಲಗ್ ಪಾಯಿಂಟು.

ಪೋಷಕರಿಂದ ವಸೂಲಿ? ಬೇಡವೇ ಬೇಡ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಇಲಾಖೆಯಿಂದ ಸುತ್ತೋಲೆ ಬಂತು. ಸ್ವಇಚ್ಛೆಯಿಂದ ಕೊಡುವುದು ಅಂತಲೇ ಹೇಳಿದ್ದರು. ಗಲಾಟೆಯಾಗಿ ಕೆಲವೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡರು. ತೆಗೆದದ್ದು ಸರಿಯೇ. ಕೊಡಲಾಗದ ತಾಯಿ ಮುಂದಿನ ಸಭೆಗೆ ಬರುವುದಿಲ್ಲ, ನಾಚಿಕೆಗೆ. ಅಲ್ಲಿಗೆ ಹೆಜ್ಜೆ 3 ಪೂರ್ತಿ ನೀರಿನಲ್ಲಿ ಹೋಮ. ಸಮುದಾಯದ ಜವಾಬ್ದಾರಿ ಅಂದರೆ ಬಡವರೇ ಚಂದಾ ಎತ್ತಿ ಸರ್ಕಾರದ ಕೆಲಸ ಮಾಡುವುದು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರ ಹೆಸರು ಇಂಥ ಮಾತು ಬಂದಾಗಲೆಲ್ಲ ಬರುತ್ತದೆ. ತಾನು ಶಾಲೆ ಕಾಣದವರು, ಊರಿಗೆ ಶಾಲೆ ತಂದರು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಎಲ್ಲರೂ ಅವರು ಕೂಡಿಟ್ಟ ಕಿತ್ತಳೆ ದುಡ್ಡಿನ ಕಥೆ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ವರ್ಷಗಟ್ಟಲೆ ಸರ್ಕಾರಿ ಕಚೇರಿಗಳಿಗೆ ಅಲೆದದ್ದು. ಅಲ್ಲಿ ನಿಂತದ್ದು ಸರ್ಕಾರಿ ಶಾಲೆ, ಸರ್ಕಾರದಿಂದ ಕೇಳಿ ಪಡೆದದ್ದು.

ಹೆಜ್ಜೆ 6: ಶಿಕ್ಷಕರ ಖಾಲಿ ಹುದ್ದೆ ಬೆನ್ನು ಹತ್ತುವುದು

ಕಾಯಂ ಶಿಕ್ಷಕರನ್ನು ಸಮಿತಿ ನೇಮಿಸಲು ಆಗುವುದಿಲ್ಲ. ಕೇಳಲು ಆಗುತ್ತದೆ. ಮೊದಲು ಸಭೆಯಲ್ಲಿ ನಿರ್ಣಯ ಮಾಡಿ, ನಡಾವಳಿಗೆ ಏರಿಸಿ. ಹೀಗೆ ಬರೆದರೆ ಸಾಕು:

“ನಮ್ಮ ಶಾಲೆಯಲ್ಲಿ 1ರಿಂದ 5ನೇ ತರಗತಿಗೆ ಇಂದಿನ ದಾಖಲಾತಿ 140. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ 5 ಶಿಕ್ಷಕರು ಇರಬೇಕು. ಕೆಲಸ ಮಾಡುತ್ತಿರುವವರು 3. ಉಳಿದ 2 ಹುದ್ದೆ ತುಂಬಬೇಕು. ಅಲ್ಲಿಯ ತನಕ ಅತಿಥಿ ಶಿಕ್ಷಕರನ್ನು ಕೊಡಬೇಕು ಎಂದು ಸಭೆ ನಿರ್ಣಯಿಸಿದೆ.”

ಸದಸ್ಯರ ಸಹಿ, ಶಾಲೆಯ ಮೊಹರು. ಬಿಇಒ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಒಂದು ಪ್ರತಿ ಉಪನಿರ್ದೇಶಕರಿಗೆ, ಒಂದು ಶಾಸಕರಿಗೆ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಿಲ್ಲದ ಅರ್ಜಿಗೆ ಸಮ.

ತಿಂಗಳಾದರೂ ಉತ್ತರ ಇಲ್ಲವಾದರೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದ ಒಳಗೆ ಇರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಏನು ಕೇಳಬೇಕು ಅನ್ನುವುದೇ ಜಾಣತನ. “ಯಾಕೆ ಶಿಕ್ಷಕರಿಲ್ಲ?” ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಉತ್ತರ ಕೊಡಲ್ಲ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ನಿಯೋಜನೆ ಮೇಲೆ ಬೇರೆ ಕಡೆ ಹೋದವರು ಎಷ್ಟು, ಆ ಆದೇಶಗಳ ಪ್ರತಿ ಕೊಡಿ ಅಂತ ಕೇಳಿ. ‘ನಿಯೋಜನೆ’ ಅನ್ನುವ ಪದ ಗಮನದಲ್ಲಿರಲಿ. ಸಂಬಳ ನಮ್ಮ ಶಾಲೆಯ ಲೆಕ್ಕದಲ್ಲಿ, ಕೆಲಸ ಯಾವುದೋ ಕಚೇರಿಯಲ್ಲಿ. ನಮ್ಮ ಖಾಲಿ ಕುರ್ಚಿಗಳಲ್ಲಿ ಒಂದು ಹೀಗೇ ಖಾಲಿಯಾಗಿತ್ತು. ಆ ಆದೇಶದ ಪ್ರತಿ ಕೈಗೆ ಬಂದ ಮೇಲೆ ಅಧ್ಯಕ್ಷೆ ಅದನ್ನು ಹಿಡಿದು ಎರಡು ಸಲ ಹೋಗಿ ಬಂದರು, ಟೀಚರ್ ವಾಪಸ್ ಬಂದರು.

ದಾನಿಗಳ ದುಡ್ಡಿನಿಂದ ಶಿಕ್ಷಕರನ್ನು ಇಟ್ಟುಕೊಳ್ಳಬಹುದಾ? ಒಂದು ವರ್ಷದ ಪಾಠ ಹಾಳಾಗುತ್ತದೆ ಅನ್ನುವಾಗ ಮಾಡಲೇಬೇಕಾಗುತ್ತದೆ. ಆದರೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದ ದಿನ ಆ ಹುದ್ದೆ ಕಚೇರಿಯ ಮಟ್ಟಿಗೆ ತುಂಬಿದಂತೆ.

ಹೆಜ್ಜೆ 7: ಮಕ್ಕಳನ್ನು ಕರೆತರುವುದು

ಏಪ್ರಿಲ್, ಮೇನಲ್ಲಿ ತಾಯಂದಿರೇ ಶೆಡ್ಡುಗಳಿಗೆ ಹೋಗಲಿ. ಕಟ್ಟಡ ಕೆಲಸದ ಜಾಗದಲ್ಲಿರುವ ಮಕ್ಕಳಿಗೆ ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವುದು ಈಗಲೂ ನಡೆಯುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ, ಟಿಸಿ ತಡವಾಯಿತು ಅಂತಲೂ ನಿರಾಕರಿಸುವ ಹಾಗಿಲ್ಲ. ಕಾಯ್ದೆಯ 14 ಮತ್ತು 5ನೇ ಸೆಕ್ಷನ್. ಈ ಎರಡು ಅಂಕಿ ನಮ್ಮ ಅಧ್ಯಕ್ಷೆಗೆ ಬಾಯಿಪಾಠ.

ಇಂಗ್ಲಿಷ್ ಮಾಧ್ಯಮದ ಪ್ರಶ್ನೆ ಬಂದೇ ಬರುತ್ತದೆ. ರಾಜ್ಯದಲ್ಲಿ 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಸಾಹಿತಿಗಳು ವಿರೋಧಿಸಿದರು, ಪೋಷಕರು ಸಾಲು ನಿಂತರು. ನನ್ನ ಮನಸ್ಸು ಕನ್ನಡದ ಕಡೆಗೇ. ಆದರೂ ಸ್ವಂತ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ ನಾನು ಅಲ್ಲಿ ಹೋಗಿ ಭಾಷಣ ಮಾಡಿದರೆ ಯಾವ ತಾಯಿ ಕೇಳುತ್ತಾಳೆ? ಅದನ್ನು ಸಮಿತಿ ತೀರ್ಮಾನಿಸಲಿ. ವಿಭಾಗ ಬೇಕು ಅಂದರೆ ಕಲಿಸುವ ಶಿಕ್ಷಕರು ಯಾರು ಅನ್ನುವುದನ್ನು ಮಾತ್ರ ನಿರ್ಣಯದಲ್ಲೇ ಬರೆಸಿ.

ಬಿಸಿಯೂಟದ ರುಚಿ ನೋಡಲು ದಿನಕ್ಕೊಬ್ಬ ತಾಯಿ ಅಂತ ಪಾಳಿ ಮಾಡಿ. ಇದಕ್ಕೆ ಹೆಚ್ಚು ವಿವರಣೆ ಬೇಡ, ಎರಡೇ ವಾರದಲ್ಲಿ ಸಾರು ಬದಲಾಗುತ್ತದೆ.

ಹೆಜ್ಜೆ 8: ಕೈ ಬದಲಾಗುವ ದಿನಕ್ಕೆ ಸಿದ್ಧತೆ

ಮಗು ಶಾಲೆ ಬಿಟ್ಟ ದಿನ ಪೋಷಕರ ಸದಸ್ಯತ್ವವೂ ಮುಗಿಯುತ್ತದೆ. ಐದನೇ ತರಗತಿ ತನಕ ಇರುವ ಶಾಲೆಯಲ್ಲಿ, ನಾಲ್ಕನೇ ತರಗತಿ ಹುಡುಗನ ಅಮ್ಮ ಅಧ್ಯಕ್ಷೆಯಾದರೆ ಅವರಿಗೆ ಸಿಗುವುದು ಎರಡೇ ವರ್ಷ. ಕೂಲಿ ಮುಗಿದು ಸಂಸಾರ ಇನ್ನೊಂದು ಸೈಟಿಗೆ ಹೋದರೆ ಅದೂ ಇಲ್ಲ. ನಮ್ಮ ಮೊದಲ ಅಧ್ಯಕ್ಷೆ ಹೀಗೇ ಒಂದು ದೀಪಾವಳಿಗೆ ಊರಿಗೆ ಹೋದವರು ಬರಲಿಲ್ಲ. ಬ್ಯಾಂಕಿನಲ್ಲಿ ಸಹಿ ಬದಲಿಸಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಾರ್ಚ್ 31 ದಾಟಿತ್ತು.

ಅದಕ್ಕೇ ಈಗ ಅಧ್ಯಕ್ಷರ ಜೊತೆಗೆ ಒಂದನೇ, ಎರಡನೇ ತರಗತಿಯ ಮಕ್ಕಳ ಇಬ್ಬರು ತಾಯಂದಿರು ಪ್ರತಿ ಸಲ ಕಚೇರಿಗೆ ಹೋಗುತ್ತಾರೆ. ಕೊಟ್ಟ ಅರ್ಜಿಗಳು, ಸ್ವೀಕೃತಿಗಳು, ಮೂರು ವರ್ಷದ ಯೋಜನೆ, ದಾಸ್ತಾನು ಪುಸ್ತಕದ ಜೆರಾಕ್ಸ್ ಎಲ್ಲ ಒಂದು ನೀಲಿ ಫೈಲಿನಲ್ಲಿವೆ. ಫೈಲು ಶಾಲೆಯ ಬೀರುವಿನಲ್ಲಿ, ಅದರ ಇನ್ನೊಂದು ಪ್ರತಿ ಅಧ್ಯಕ್ಷೆಯ ಮನೆಯ ಟ್ರಂಕಿನಲ್ಲಿ. ಮೊನ್ನೆ ಹೊಸ ಬಿಇಒ ಬಂದಾಗ “ಹಿಂದೆ ಏನಾದರೂ ಕೊಟ್ಟಿದ್ದೀರಾ?” ಅಂತ ಕೇಳಿದರು. ಎರಡನೇ ತರಗತಿ ಹುಡುಗಿಯ ಅಮ್ಮ ಫೈಲು ತೆಗೆದು, ತಾರೀಕು ಸಮೇತ ಮೇಜಿನ ಮೇಲೆ ಇಟ್ಟರು.